ಸ್ಪೋರ್ಟ್ಸ್ ಕಾರಿನ ಭವಿಷ್ಯ ಮತ್ತು ತಯಾರಕ ಸಂಸ್ಥೆಯ ಸಂಕಷ್ಟ: ಬಿಡಿಭಾಗ ಪೂರೈಕೆದಾರರಿಗೊಂದು ಅಧ್ಯಯನ

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತೆಂಬ ಸಂಗತಿ ಇಂದಿನ ಅನೇಕ ಉದ್ದಿಮೆದಾರರಿಗೆ ಮರೆತೇ ಹೋಗಿದೆ. ವೈಟ್‌ಫೀಲ್ಡ್‌ನಲ್ಲಿ ರೈಲು ಎಂಜಿನ್‌ಗಳನ್ನು ತಯಾರಿಸುವ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿಯ ಬಳಗಕ್ಕೆ ಸೇರಿದ ಸ್ಯಾನ್ ಮೋಟರ್ಸ್ ಸಂಸ್ಥೆಯು 1990ರ ದಶಕದ ಕೊನೆಯ ವರ್ಷಗಳಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನಗಳ, ಮೇಲ್ಛಾವಣಿ ತೆರೆಯಬಹುದಾದ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ವಿನ್ಯಾಸಕ್ಕೆ ಫ್ರಾನ್ಸಿನ ನೆರವು, ರೆನೋ ಸಂಸ್ಥೆಯ 1,149 ಸಿ.ಸಿ. ಎಂಜಿನ್, ಸುಮಾರು 60 ಅಶ್ವಶಕ್ತಿ, ಫೈಬರ್‌ಗ್ಲಾಸ್ ಹೊರಮೈ. ನೋಡಿದವರು ಮೆಚ್ಚಿದರು, ಕೊಂಡವರು ಕಡಿಮೆ. ಆ ಕಾರು ದೊಡ್ಡ ಪ್ರಮಾಣದ ಉತ್ಪಾದನೆಗೆ ಬೆಳೆಯಲಿಲ್ಲ.

ಇಂತಹ ಕಾರುಗಳ ಏಳುಬೀಳು ಕೇವಲ ವಾಹನಪ್ರಿಯರ ಕುತೂಹಲದ ವಿಷಯವಲ್ಲ. ಮೈಸೂರು ರಸ್ತೆಯುದ್ದಕ್ಕೂ ಕೆಂಗೇರಿ, ಕುಂಬಳಗೋಡು, ಬಿಡದಿಗಳ ಆಸುಪಾಸಿನಲ್ಲಿ ಷೀಟ್ ಮೆಟಲ್, ಫೈಬರ್‌ಗ್ಲಾಸ್, ರಬ್ಬರ್, ಯಂತ್ರಬಿಡಿಭಾಗಗಳ ಕೆಲಸ ಮಾಡುವ ಸಣ್ಣ ಘಟಕಗಳಿವೆ. ವರ್ಷಕ್ಕೆ ಲಕ್ಷಗಟ್ಟಲೆ ವಾಹನ ತಯಾರಿಸುವ ಸಂಸ್ಥೆಗೆ ಪೂರೈಸುವುದಕ್ಕೂ, ವರ್ಷಕ್ಕೆ ಮುನ್ನೂರು ಕಾರು ತಯಾರಿಸುವೆನೆಂದು ಬರುವ ಹೊಸ ಸಂಸ್ಥೆಗೆ ಪೂರೈಸುವುದಕ್ಕೂ ಇರುವ ಅಂತರವನ್ನು ಈ ಘಟಕಗಳ ಮಾಲೀಕರು ಆರ್ಡರ್ ಒಪ್ಪುವ ಮೊದಲೇ ಅರಿಯಬೇಕು. ಎಲೆಕ್ಟ್ರಿಕ್ ವಾಹನಗಳ ಹೆಸರಿನಲ್ಲಿ ಹೊಸ ಸಂಸ್ಥೆಗಳು ಮೇಲಿಂದ ಮೇಲೆ ಹುಟ್ಟಿಕೊಳ್ಳುತ್ತಿರುವ ಈ ದಿನಗಳಲ್ಲಿ ಈ ಅರಿವಿನ ಅಗತ್ಯ ಹೆಚ್ಚಿದೆ.

ಕಡಿಮೆ ಸಂಖ್ಯೆಯ ಲೆಕ್ಕ

ಉಕ್ಕಿನ ತಗಡನ್ನು ಒತ್ತಿ ಕಾರಿನ ಹೊರಮೈ ಮಾಡಲು ಭಾರೀ ಪ್ರೆಸ್‌ಗಳೂ ಡೈಗಳೂ ಬೇಕು. ಡೈಗಳಿಗೆ 50 ಕೋಟಿ ರೂಪಾಯಿ ತಗಲುತ್ತದೆಂದೂ ಅವುಗಳಿಂದ 5 ಲಕ್ಷ ಕಾರು ಹೊರಬರುತ್ತವೆಂದೂ ಇಟ್ಟುಕೊಂಡರೆ, ಪ್ರತಿ ಕಾರಿಗೆ ಬೀಳುವ ಹೊರೆ ಒಂದು ಸಾವಿರ ರೂಪಾಯಿ. ಅದೇ ಡೈಗಳಿಂದ ಎರಡು ಸಾವಿರ ಕಾರು ಮಾತ್ರ ಹೊರಬಂದರೆ ಪ್ರತಿ ಕಾರಿಗೆ ಎರಡೂವರೆ ಲಕ್ಷ. ಆದುದರಿಂದಲೇ ಸಣ್ಣ ತಯಾರಕರು ಫೈಬರ್‌ಗ್ಲಾಸ್ ಆರಿಸಿಕೊಳ್ಳುತ್ತಾರೆ. ಅದರ ಅಚ್ಚು ಅಗ್ಗ, ಕೂಲಿ ಹೆಚ್ಚು. ಎಂಜಿನ್ನನ್ನು ತಾವೇ ವಿನ್ಯಾಸಗೊಳಿಸದೆ ದೊಡ್ಡ ಸಂಸ್ಥೆಯಿಂದ ಕೊಂಡು ತರುತ್ತಾರೆ. ಸ್ಯಾನ್ ಸ್ಟಾರ್ಮ್ ಹಿಡಿದ ದಾರಿಯೂ ಇದೇ.

ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದು ಸ್ಥಿರ ವೆಚ್ಚವನ್ನು ಚರ ವೆಚ್ಚವಾಗಿ ಪರಿವರ್ತಿಸುವ ತಂತ್ರ. ತಂತ್ರ ಸರಿಯೇ. ಆದರೆ ಸ್ಥಿರ ವೆಚ್ಚ ಪೂರ್ತಿ ಮಾಯವಾಗುವುದಿಲ್ಲ. ಮಾಲಿನ್ಯ ಮತ್ತು ಸುರಕ್ಷತೆಯ ಪ್ರಮಾಣೀಕರಣ, ಮಾರಾಟದ ನಂತರದ ಸೇವೆ, ಬಿಡಿಭಾಗಗಳ ದಾಸ್ತಾನು ಇವೆಲ್ಲ ನೂರು ಕಾರಿಗೂ ಬೇಕು, ಲಕ್ಷ ಕಾರಿಗೂ ಬೇಕು. ಭಾರತದಲ್ಲಿ 2000ನೇ ಇಸವಿಯಿಂದೀಚೆಗೆ ಮಾಲಿನ್ಯ ನಿಯಮಗಳು ಭಾರತ್ ಸ್ಟೇಜ್ ಎಂಬ ಮೆಟ್ಟಿಲುಗಳಲ್ಲಿ ಬಿಗಿಯಾಗುತ್ತ ಬಂದು 2020ರ ಏಪ್ರಿಲ್‌ನಲ್ಲಿ ಆರನೆಯ ಹಂತ ಮುಟ್ಟಿದವು. ಪ್ರತಿ ಮೆಟ್ಟಿಲಿನಲ್ಲೂ ಹೊಸ ಎಂಜಿನ್, ಹೊಸ ಪರೀಕ್ಷೆ, ಹೊಸ ಬಂಡವಾಳ. ಹೊರಗಿನಿಂದ ಎಂಜಿನ್ ತರುವ ಸಣ್ಣ ತಯಾರಕನಿಗೆ ಆ ಎಂಜಿನ್ ನಿಂತುಹೋದರೆ ಕಾರೇ ನಿಂತಂತೆ.

ತೋರಿಸಿದ ಕಾರು, ತಯಾರಾಗದ ಕಾರು

ಬೆಂಗಳೂರಿನದೇ ಇನ್ನೊಂದು ನಿದರ್ಶನ ಇನ್ನೂ ಬೋಧಪ್ರದವಾಗಿದೆ. ಮೈನಿ ಸಮೂಹವು ಕ್ಯಾಲಿಫೋರ್ನಿಯಾದ ಸಂಸ್ಥೆಯೊಂದರ ಸಹಯೋಗದಲ್ಲಿ 1994ರಲ್ಲಿ ಸ್ಥಾಪಿಸಿದ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯು ಬೊಮ್ಮಸಂದ್ರದಲ್ಲಿ ತಯಾರಿಸಿದ ‘ರೇವಾ’ 2001ರಲ್ಲಿ ಮಾರುಕಟ್ಟೆಗೆ ಬಂದಿತು. ಲಂಡನ್ನಿನ ರಸ್ತೆಗಳಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅದು ಓಡಾಡಿತು. ಕೀರ್ತಿ ದೊಡ್ಡದಾಗಿತ್ತು, ಮಾರಾಟ ಕೆಲವು ಸಾವಿರಗಳ ಮಟ್ಟದಲ್ಲೇ ಉಳಿಯಿತು.

2009ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ ಈ ಸಂಸ್ಥೆ ಎರಡು ಹೊಸ ಮಾದರಿಗಳನ್ನು ಮುಂದಿಟ್ಟಿತು. ಒಂದು ನಾಲ್ಕು ಆಸನಗಳ ಎನ್.ಎಕ್ಸ್.ಆರ್. ಇನ್ನೊಂದು ದಿಲೀಪ್ ಛಾಬ್ರಿಯಾ ರೂಪಿಸಿದ, ಎರಡು ಆಸನಗಳ ಸ್ಪೋರ್ಟ್ಸ್ ಮಾದರಿಯ ಎನ್.ಎಕ್ಸ್.ಜಿ. ಎರಡನೆಯದೂ ಒಂದೆರಡು ವರ್ಷಗಳಲ್ಲಿ ಮಾರುಕಟ್ಟೆಗೆ ಬರುವುದೆಂದು ಆಗ ಪ್ರಕಟಿಸಲಾಗಿತ್ತು. ಒಂದು ಹೊಸ ಕಾರನ್ನು ರೂಪಿಸುವುದೇ ಸಣ್ಣ ಬಂಡವಾಳದ ಸಂಸ್ಥೆಗೆ ಬೆಟ್ಟ ಹೊತ್ತಂತೆ, ಇಲ್ಲಿ ಎರಡು. 2010ರ ಮೇ ತಿಂಗಳಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಸಂಸ್ಥೆಯು ರೇವಾದ ಶೇ. 55.2ರಷ್ಟು ಪಾಲನ್ನು ಪಡೆಯಿತು. ಎನ್.ಎಕ್ಸ್.ಆರ್. ಮಾದರಿಯು ಬೆಳೆದು 2013ರ ಮಾರ್ಚ್‌ನಲ್ಲಿ ‘ಇ2ಓ’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಎನ್.ಎಕ್ಸ್.ಜಿ. ಪ್ರದರ್ಶನದ ವೇದಿಕೆಯಿಂದ ಕೆಳಗಿಳಿಯಲೇ ಇಲ್ಲ.

ಹೊಸ ಮಾಲೀಕನ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಕೈಯಲ್ಲಿರುವ ಪ್ರತಿ ರೂಪಾಯಿ ಯಾವ ಮಾದರಿಯಲ್ಲಿ ಹೆಚ್ಚು ಕೊಡುಗೆ ತರುವುದೆಂದು ಆತ ನೋಡುತ್ತಾನೆ. ನಾಲ್ವರು ಕೂರುವ ಕಾರಿಗೆ ಖರೀದಿದಾರರು ಹೆಚ್ಚು. ಇಬ್ಬರು ಕೂರುವ ಕಾರಿಗೆ ಹೊಗಳುವವರು ಹೆಚ್ಚು. ಸಂಸ್ಥೆ ಉಳಿದರೂ ಸ್ಪೋರ್ಟ್ಸ್ ಕಾರು ಉಳಿಯುವುದೆಂಬ ಭರವಸೆಯಿಲ್ಲ. ಬಿಡಿಭಾಗ ಪೂರೈಕೆದಾರನು ‘ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು, ಇನ್ನು ಭಯವಿಲ್ಲ’ ಎಂದು ನಿಟ್ಟುಸಿರು ಬಿಡುವ ಮುನ್ನ, ತನ್ನ ಆರ್ಡರ್ ಯಾವ ಮಾದರಿಗೆ ಸೇರಿದ್ದು ಎಂಬುದನ್ನು ನೋಡಿಕೊಳ್ಳಬೇಕು.

ಕಂಪನಿ ಬೇರೆ, ಕಾರು ಬೇರೆ

ತಯಾರಕನು ಮುಳುಗಿದಾಗ ಕಾರು ಒಂದೇ ವಸ್ತುವಾಗಿ ಉಳಿಯುವುದಿಲ್ಲ. ಹೆಸರು, ನಕ್ಷೆಗಳು, ಡೈಗಳು, ಬಿಡಿಭಾಗಗಳ ದಾಸ್ತಾನು, ಕೆಲಸ ಬಲ್ಲ ನೌಕರರು ಎಂದು ಅದು ಬೇರ್ಪಡುತ್ತದೆ. ಒಂದೊಂದು ಒಬ್ಬೊಬ್ಬರ ಪಾಲಾಗುತ್ತದೆ.

ಉತ್ತರ ಐರ್ಲೆಂಡಿನ ಡೆಲೋರಿಯನ್ ಪ್ರಕರಣ ಇದಕ್ಕೆ ಪ್ರಸಿದ್ಧ ಉದಾಹರಣೆ. ಬೆಲ್‌ಫಾಸ್ಟ್ ಬಳಿಯ ಡನ್ಮರಿಯಲ್ಲಿ, ಬ್ರಿಟಿಷ್ ಸರ್ಕಾರದ ಸುಮಾರು 8 ಕೋಟಿ ಪೌಂಡುಗಳ ನೆರವಿನಿಂದ ಎದ್ದ ಕಾರ್ಖಾನೆಯಲ್ಲಿ 1981ರ ಆರಂಭದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹೊರಮೈಯ ಕಾರು ತಯಾರಾಗತೊಡಗಿತು. 1982ರ ಫೆಬ್ರವರಿಯಲ್ಲೇ ಸಂಸ್ಥೆ ರಿಸೀವರ್‌ಗಳ ಕೈ ಸೇರಿತು. ಆ ವರ್ಷದ ಕೊನೆಗೆ ಉತ್ಪಾದನೆ ನಿಂತಾಗ ತಯಾರಾಗಿದ್ದವು ಸುಮಾರು 9,000 ಕಾರುಗಳು. ಉಳಿದ ಬಿಡಿಭಾಗಗಳು ಅಮೆರಿಕಕ್ಕೆ ಸಾಗಿ, ಕೈ ಬದಲಾಗುತ್ತ ಟೆಕ್ಸಾಸ್‌ನ ಒಂದು ಸಂಸ್ಥೆಯನ್ನು ಸೇರಿದವು. ಆ ದಾಸ್ತಾನಿನ ಬಲದಿಂದಲೇ ಅನೇಕ ಕಾರುಗಳು ಇಂದಿಗೂ ಓಡುತ್ತಿವೆ. ಹೊರಮೈಯ ಡೈಗಳ ಗತಿ ಬೇರೆಯಾಯಿತು: ಅವು ಗುಜರಿಗೆ ಹೋದವು, ಕೆಲವನ್ನು ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಮೀನು ಸಾಕಣೆಯ ಬಲೆಗಳಿಗೆ ಲಂಗರುಭಾರವಾಗಿ ಬಳಸಲಾಯಿತು. 1985ರಲ್ಲಿ ಹಾಲಿವುಡ್ ಚಿತ್ರವೊಂದು ಆ ಕಾರನ್ನು ಜಗತ್ಪ್ರಸಿದ್ಧಗೊಳಿಸಿದಾಗ ತಯಾರಿಸಲು ಸಂಸ್ಥೆಯೂ ಇರಲಿಲ್ಲ, ಡೈಗಳೂ ಇರಲಿಲ್ಲ.

ಈ ಪ್ರಕರಣ ಲೆಕ್ಕ ಪರಿಶೋಧಕರಿಗೂ ಪಾಠವೇ. ಲೋಟಸ್ ಸಂಸ್ಥೆ ಮಾಡುತ್ತಿದ್ದ ಅಭಿವೃದ್ಧಿ ಕಾರ್ಯಕ್ಕೆಂದು 1.7 ಕೋಟಿ ಡಾಲರಿಗೂ ಹೆಚ್ಚು ಹಣ ಪನಾಮಾದಲ್ಲಿ ನೋಂದಣಿಯಾದ ಕಂಪನಿಯೊಂದರ ಮೂಲಕ ಹರಿದು, ಬೇರೆಡೆ ಸೇರಿಹೋಗಿತ್ತು. ಲೋಟಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಫ್ರೆಡ್ ಬುಶೆಲ್ 1992ರಲ್ಲಿ ಸೆರೆಮನೆ ಸೇರಿದರು. ಬ್ರಿಟಿಷ್ ಸರ್ಕಾರವು ಪರಿಶೋಧಕ ಸಂಸ್ಥೆ ಆರ್ಥರ್ ಆಂಡರ್ಸನ್ ಮೇಲೆ ಹೂಡಿದ ದಾವೆ 1997ರಲ್ಲಿ ರಾಜಿಯಲ್ಲಿ ಮುಗಿಯಿತು. ‘ಅಭಿವೃದ್ಧಿ ವೆಚ್ಚ’ ಎಂಬ ಒಂದು ಸಾಲಿನ ಹಿಂದೆ ಎಷ್ಟೆಲ್ಲ ಅಡಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೆಸರಿನ ಪ್ರಶ್ನೆಗೆ ನಮ್ಮ ಮೈಸೂರು ರಸ್ತೆಯ ಇನ್ನೊಂದು ತುದಿಯಲ್ಲೇ ಉತ್ತರವಿದೆ. ಅದು ಕಾರಲ್ಲ, ಮೋಟಾರ್ ಸೈಕಲ್. ಆದರೆ ತರ್ಕ ಒಂದೇ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕುಗಳ ಉತ್ಪಾದನೆ 1996ರಲ್ಲಿ ನಿಂತಿತು. ಕಂಪನಿಯು ಸಮಾಪನೆಗೊಳಗಾಗಿ ಹೈಕೋರ್ಟಿನ ಅಧಿಕೃತ ಸಮಾಪಕರ ವಶವಾಯಿತು. ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯು ಸ್ಥಾಪಕ ಕುಟುಂಬದ ಬೊಮನ್ ಇರಾನಿ ಅವರೊಡನೆ ಸೇರಿ 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳನ್ನು ತಂದಿತು. ಆ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವು ಆ ಹೆಸರು ಸಮಾಪನೆಯಲ್ಲಿರುವ ಹಳೆಯ ಕಂಪನಿಗೇ ಸೇರಿದ್ದೆಂದು ತೀರ್ಪಿತ್ತಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠವು ಆ ತೀರ್ಪನ್ನು ತಳ್ಳಿಹಾಕಿತು. ಕಾರ್ಖಾನೆ ಮುಚ್ಚಿ ಸುಮಾರು ಮೂರು ದಶಕಗಳಾದ ಮೇಲೂ ಹೆಸರಿಗೆ ಬೆಲೆಯಿತ್ತು. ಟ್ರೇಡ್ ಮಾರ್ಕ್ ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬುದನ್ನು, ದೀರ್ಘಕಾಲ ಬಳಸದ ಹೆಸರು ಕೈಬಿಟ್ಟು ಹೋಗಬಹುದೆಂಬುದನ್ನು ಉದ್ದಿಮೆದಾರರು ಸಾಮಾನ್ಯವಾಗಿ ಅಲಕ್ಷಿಸುತ್ತಾರೆ.

ಇನ್ನು ನೌಕರರು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರು 2007ರಲ್ಲಿ ಡಚ್ ಪಾಲುದಾರರೊಡನೆ ಸ್ಪೈಕರ್ ತಂಡವನ್ನು ಕೊಂಡು ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟಾಗ ಅದು ಫಾರ್ಮುಲಾ ಒನ್‌ನ ಕೊನೆಯ ಸಾಲಿನ ತಂಡವಾಗಿತ್ತು. 2016 ಮತ್ತು 2017ರಲ್ಲಿ ಅದು ನಾಲ್ಕನೆಯ ಸ್ಥಾನ ಪಡೆಯಿತು. ಹಣ ಮಾತ್ರ ಬತ್ತಿತು. 2018ರ ಜುಲೈನಲ್ಲಿ ತಂಡದ ಚಾಲಕ ಸೆರ್ಜಿಯೊ ಪೆರೆಜ್ ತಮಗೆ ಬರಬೇಕಾದ ಬಾಕಿಯ ಆಧಾರದ ಮೇಲೆ ಅರ್ಜಿ ಹಾಕಿದರು. ಲಂಡನ್ನಿನ ನ್ಯಾಯಾಲಯ ತಂಡವನ್ನು ಆಡಳಿತಾಧಿಕಾರಿಗಳಿಗೆ ಒಪ್ಪಿಸಿತು. ಪೆರೆಜ್ ಉದ್ದೇಶ ತಂಡವನ್ನು ಮುಚ್ಚಿಸುವುದಲ್ಲ, ಉಳಿಸುವುದಾಗಿತ್ತು. ಕೆಲವೇ ವಾರಗಳಲ್ಲಿ ಲಾರೆನ್ಸ್ ಸ್ಟ್ರಾಲ್ ನೇತೃತ್ವದ ಗುಂಪು ಕಂಪನಿಯ ಷೇರುಗಳನ್ನಲ್ಲ, ಅದರ ವ್ಯವಹಾರ ಮತ್ತು ಆಸ್ತಿಯನ್ನು ಕೊಂಡಿತು. ಸುಮಾರು 400 ನೌಕರರ ಕೆಲಸ ಉಳಿಯಿತು. ಕಾನೂನಿನ ದೃಷ್ಟಿಯಲ್ಲಿ ಅದು ಹೊಸ ತಂಡವಾದುದರಿಂದ ಆ ವರ್ಷ ಗಳಿಸಿದ್ದ ಅಂಕಗಳೆಲ್ಲ ಹೋದವು. ಅದೇ ತಂಡ 2021ರಿಂದ ಆಸ್ಟನ್ ಮಾರ್ಟಿನ್ ಹೆಸರಿನಲ್ಲಿ ಓಡುತ್ತಿದೆ. ಬೇಗನೆ ನ್ಯಾಯಾಲಯದ ಮೆಟ್ಟಿಲೇರಿದ್ದೇ ಉಳಿವಿಗೆ ಕಾರಣವೆಂದರೆ ತಪ್ಪಾಗದು. ಭಾರತದಲ್ಲಿ ಹೀಗೆ ವೇಗವಾಗಿ ಮುಗಿಯುವುದು ಅಪರೂಪ.

ಕೆಂಗೇರಿಯ ಒಂದು ಘಟಕ

ಕೆಂಗೇರಿಯಲ್ಲಿ ಹನ್ನೆರಡು ಕಾರ್ಮಿಕರ ಒಂದು ಕಾಲ್ಪನಿಕ ಫೈಬರ್‌ಗ್ಲಾಸ್ ಘಟಕವನ್ನು ತೆಗೆದುಕೊಳ್ಳಬಹುದು. ಹೊಸ ಸ್ಪೋರ್ಟ್ಸ್ ಕಾರು ಸಂಸ್ಥೆಯೊಂದು ತಿಂಗಳಿಗೆ 25 ಸೆಟ್ ಬಾಗಿಲು-ಬಾನೆಟ್‌ಗಳ ಆರ್ಡರ್ ಕೊಡುತ್ತದೆ. ಸೆಟ್ಟಿನ ಬೆಲೆ 30,000 ರೂ., ಪಾವತಿಯ ಗಡುವು 90 ದಿನ. ಅಚ್ಚುಗಳಿಗೆ ಘಟಕವೇ 24 ಲಕ್ಷ ರೂ. ಹಾಕಬೇಕು, ನಾಲ್ಕು ವರ್ಷಗಳಲ್ಲಿ 1,200 ಸೆಟ್‌ಗಳ ಮೇಲೆ, ಬೆಲೆಯಲ್ಲೇ ಸೇರಿದ 2,000 ರೂ.ನಂತೆ ಅದು ಹಿಂದಿರುಗಬೇಕು.

ಹತ್ತು ತಿಂಗಳಿಗೆ, 250 ಸೆಟ್‌ಗಳಾದಾಗ, ತಯಾರಕನ ಕಾರ್ಖಾನೆ ನಿಲ್ಲುತ್ತದೆ. ಅಚ್ಚಿನ ವೆಚ್ಚದಲ್ಲಿ ಬಿಲ್ಲಿಗೆ ಬಂದದ್ದು 5 ಲಕ್ಷ. ಬಾರದೆ ಉಳಿದದ್ದು 19 ಲಕ್ಷ. ಮೂರು ತಿಂಗಳ ಬಿಲ್ಲುಗಳ ಬಾಕಿ 22.5 ಲಕ್ಷ. ಅದರ ಮೇಲೆ ಶೇ. 18ರಂತೆ ಜಿ.ಎಸ್.ಟಿ. 4.05 ಲಕ್ಷ; ಹಣ ಬರಲಿ ಬಿಡಲಿ, ಬಿಲ್ಲು ಬರೆದ ಮೇಲೆ ಸರ್ಕಾರಕ್ಕೆ ಕಟ್ಟಲೇಬೇಕು. ಬೇರಾರಿಗೂ ಒಗ್ಗದ ಅರ್ಧ ತಯಾರಾದ ಮಾಲು 6 ಲಕ್ಷ. ಒಟ್ಟು 51.55 ಲಕ್ಷ. ಹನ್ನೆರಡು ಜನರ ಘಟಕವೊಂದು ತಡೆಯಲಾರದ ಹೊಡೆತವಿದು. ಇದರಲ್ಲಿ ಹೆಚ್ಚಿನ ಭಾಗ ಬ್ಯಾಂಕಿನ ಸಾಲವೂ ಆಗಿರುತ್ತದೆ.

ದಿವಾಳಿ ಸಂಹಿತೆ, 2016ರ ಅನ್ವಯ ಮಾಲು ಪೂರೈಸಿದವನು ‘ಆಪರೇಷನಲ್ ಕ್ರೆಡಿಟರ್’. ಆದರೆ ಅರ್ಜಿ ಹಾಕಲು ಬೇಕಾದ ಕನಿಷ್ಠ ಬಾಕಿಯನ್ನು 2020ರ ಮಾರ್ಚ್ 24ರಿಂದ ಒಂದು ಲಕ್ಷದಿಂದ ಒಂದು ಕೋಟಿಗೆ ಏರಿಸಲಾಗಿದೆ. ಈ ಘಟಕಕ್ಕೆ ಆ ಬಾಗಿಲು ಮುಚ್ಚಿದೆ. ಬೇರೊಬ್ಬರ ಅರ್ಜಿಯಿಂದ ಪ್ರಕ್ರಿಯೆ ಆರಂಭವಾದರೆ ವಸೂಲಿಯ ದಾವೆಗಳಿಗೆಲ್ಲ ತಡೆ ಬೀಳುತ್ತದೆ. ನಿರ್ಣಯಗಳನ್ನು ಕೈಗೊಳ್ಳುವ ಸಮಿತಿಯಲ್ಲಿ ಮತ ಬ್ಯಾಂಕುಗಳಂತಹ ಹಣಕಾಸು ಸಾಲದಾತರದು. ಸಮಾಪನೆಯಾದರೆ 53ನೆಯ ಕಲಮಿನ ಸಾಲಿನಲ್ಲಿ ಪ್ರಕ್ರಿಯೆಯ ವೆಚ್ಚ, ಕಾರ್ಮಿಕರ ಮತ್ತು ಆಸ್ತಿ ಅಡಮಾನವುಳ್ಳವರ ಬಾಕಿ, ಇತರ ನೌಕರರ ವೇತನ, ಅಡಮಾನವಿಲ್ಲದ ಹಣಕಾಸು ಸಾಲ, ಸರ್ಕಾರದ ಬಾಕಿ ಇವುಗಳ ನಂತರವೇ ಪೂರೈಕೆದಾರನ ಸರದಿ. ಕಾರಿಗೆಂದು ಮುಂಗಡ ಕೊಟ್ಟ ಗ್ರಾಹಕನ ಪಾಡೂ ಹೆಚ್ಚು ಭಿನ್ನವಲ್ಲ.

ಆದುದರಿಂದ ರಕ್ಷಣೆ ಇರುವುದು ಆರಂಭದ ಒಪ್ಪಂದದಲ್ಲಿ. ಅಚ್ಚಿನ ವೆಚ್ಚವನ್ನು ಸೆಟ್ಟಿನ ಬೆಲೆಯಲ್ಲಿ ಬೆರೆಸದೆ ಪ್ರತ್ಯೇಕ ಬಿಲ್ಲು ಮಾಡಿ, ಕನಿಷ್ಠ ಅರ್ಧವನ್ನಾದರೂ ಮುಂಗಡವಾಗಿ ಪಡೆಯುವುದು ಮೊದಲ ಕೆಲಸ. ಉತ್ಪಾದನೆ ನಿಂತರೆ ಉಳಿದ ಅಚ್ಚಿನ ವೆಚ್ಚ ಕೂಡಲೇ ಕೊಡತಕ್ಕದ್ದೆಂಬ ಷರತ್ತು ಇರಬೇಕು. ಅಚ್ಚು ಯಾರದೆಂಬುದನ್ನು ಬರವಣಿಗೆಯಲ್ಲಿ ಸ್ಪಷ್ಟಪಡಿಸಬೇಕು. ಅದು ತಯಾರಕನದಾಗಿದ್ದರೆ, ಬಾಕಿಗಾಗಿ ಅದನ್ನು ಹಿಡಿದಿಟ್ಟುಕೊಳ್ಳುವೆನೆಂಬ ಧೈರ್ಯ ಸಲ್ಲದು: ಕರಾರು ಅಧಿನಿಯಮದ 170ನೆಯ ಕಲಮು ಕೊಡುವ ಹಕ್ಕು ತಾನು ಕೆಲಸ ಮಾಡಿದ ವಸ್ತುವಿನ ಮೇಲೆ, ಆ ಅಚ್ಚನ್ನು ಬಳಸಿ ಬೇರೆ ವಸ್ತು ತಯಾರಿಸಿದ್ದರೆ ಅಚ್ಚಿನ ಮೇಲೆ ಹಕ್ಕು ಸಾಧಿಸುವುದು ಕಷ್ಟ. ಅದು ಘಟಕದ್ದೇ ಆಗಿದ್ದು ತಯಾರಕನ ಆವರಣದಲ್ಲಿದ್ದರೆ, ಒಡೆತನದ ದಾಖಲೆ ಇದ್ದಲ್ಲಿ ಮರಳಿ ಕೇಳಬಹುದು. 90 ದಿನಗಳ ಗಡುವಿನ ಬಗ್ಗೆಯೂ ಒಂದು ಮಾತು. 2006ರ ಸಣ್ಣ ಉದ್ದಿಮೆಗಳ ಅಧಿನಿಯಮದಡಿ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ತಯಾರಿಕಾ ಘಟಕಕ್ಕೆ 45 ದಿನಗಳ ಮೇಲಿನ ಗಡುವು ಕಾನೂನಿನಲ್ಲಿ ನಿಲ್ಲದು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ ಸಲ್ಲುತ್ತದೆ. ಗ್ರಾಹಕ ಕೈತಪ್ಪೀತೆಂಬ ಅಂಜಿಕೆಯಿಂದ ಈ ಬಡ್ಡಿಯನ್ನು ಕೇಳುವವರು ವಿರಳ. ಮೂರು ತಿಂಗಳು ತಡೆದು ಕೊಡುವ ಗ್ರಾಹಕನನ್ನು ಉಳಿಸಿಕೊಳ್ಳುವ ಆತುರವೇಕೆಂಬುದು ಬೇರೆ ಪ್ರಶ್ನೆ.

ಲೆಕ್ಕಪತ್ರದಲ್ಲಿ ಮುನ್ಸೂಚನೆ

ತಯಾರಕನು ಕಂಪನಿಯಾಗಿದ್ದರೆ ಅದರ ವಾರ್ಷಿಕ ಲೆಕ್ಕಪತ್ರಗಳನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ತೆತ್ತು ಯಾರು ಬೇಕಾದರೂ ನೋಡಬಹುದು. ಲಾಭ-ನಷ್ಟದ ಕೊನೆಯ ಸಾಲಿಗಿಂತ ಮೊದಲು ನೋಡತಕ್ಕದ್ದು ‘ಅಭಿವೃದ್ಧಿ ಹಂತದಲ್ಲಿರುವ ಅಮೂರ್ತ ಆಸ್ತಿ’ ಎಂಬ ಬಾಬತ್ತು. ಹೊಸ ಕಾರಿನ ವಿನ್ಯಾಸಕ್ಕೆ ಸುರಿದ ಹಣ ಖರ್ಚಾಗಿ ಕಾಣದೆ ಆಸ್ತಿಯಾಗಿ ಕಾಣುವುದು ಇಲ್ಲಿ. ಲೆಕ್ಕ ಮಾನದಂಡ 26ರ ಪ್ರಕಾರ ಹಾಗೆ ತೋರಿಸಬೇಕಾದರೆ ಆ ಕಾರನ್ನು ಪೂರ್ಣಗೊಳಿಸುವ ಉದ್ದೇಶವಷ್ಟೇ ಸಾಲದು, ಅದಕ್ಕೆ ಬೇಕಾದ ಹಣಕಾಸಿನ ಸಾಮರ್ಥ್ಯವೂ ಇರಬೇಕು. ಸಾಮರ್ಥ್ಯ ಕಳೆದುಹೋದ ದಿನ ಆ ಆಸ್ತಿಯ ಬೆಲೆಯನ್ನು ತಗ್ಗಿಸಲೇಬೇಕು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೂರನೆಯ ಅನುಸೂಚಿಯ ತಿದ್ದುಪಡಿಯಂತೆ ಈ ಬಾಬತ್ತಿನ ವಯಸ್ಸನ್ನೂ ಪಟ್ಟಿ ಮಾಡಬೇಕಾಗಿದೆ. ಮೂರು ವರ್ಷ ಮೀರಿದ ಕಾಲಮಿನಲ್ಲಿ ದೊಡ್ಡ ಮೊತ್ತ ಕುಳಿತಿದ್ದರೆ ಕಾರು ಪ್ರದರ್ಶನದ ವೇದಿಕೆಯಲ್ಲೇ ಇದೆ ಎಂದರ್ಥ.

ಅದೇ ತಿದ್ದುಪಡಿ ಪೂರೈಕೆದಾರರಿಗೆ ಕೊಡಬೇಕಾದ ಬಾಕಿಯ ವಯಸ್ಸನ್ನೂ, ಸೂಕ್ಷ್ಮ ಮತ್ತು ಸಣ್ಣ ಘಟಕಗಳದ್ದನ್ನು ಪ್ರತ್ಯೇಕಿಸಿ, ತೋರಿಸುವಂತೆ ಮಾಡಿದೆ. ತನಗಿಂತ ಮೊದಲು ಮಾಲು ಕೊಟ್ಟವರು ಎಷ್ಟು ದಿನದಿಂದ ಕಾಯುತ್ತಿದ್ದಾರೆಂಬುದು ಅಲ್ಲಿ ಅಂಕಿಗಳಲ್ಲಿ ಸಿಗುತ್ತದೆ. ಲೆಕ್ಕ ಪರಿಶೋಧಕರ ವರದಿಯಲ್ಲಿ ಸಂಸ್ಥೆಯ ಮುಂದುವರಿಕೆಯ ಬಗ್ಗೆ ‘ಗಣನೀಯ ಅನಿಶ್ಚಿತತೆ’ ಎಂಬ ಪ್ರತ್ಯೇಕ ತಲೆಬರಹವಿದ್ದರೆ ಅದನ್ನು ಎರಡು ಬಾರಿ ಓದಬೇಕು. ಕಾರೋ 2020ರ ಆದೇಶ ಅನ್ವಯವಾಗುವ ಕಂಪನಿಗಳಲ್ಲಿ ನಗದು ನಷ್ಟವಾಗಿದೆಯೇ, ಒಂದು ವರ್ಷದೊಳಗೆ ಸಲ್ಲಬೇಕಾದ ಹೊಣೆಗಳನ್ನು ತೀರಿಸಬಲ್ಲದೇ ಎಂಬುದಕ್ಕೂ ಪರಿಶೋಧಕರು ಉತ್ತರಿಸಿರುತ್ತಾರೆ. ಈ ಪತ್ರಗಳು ಹಿಂದಿನ ಮಾರ್ಚ್ 31ರ ಸ್ಥಿತಿಯನ್ನು ಹೇಳುವಂಥವು. ಕೈಗೆ ಸಿಗುವ ಹೊತ್ತಿಗೆ ಏಳೆಂಟು ತಿಂಗಳು ಕಳೆದಿರುತ್ತವೆ. ಆ ನಡುವಿನ ಅವಧಿಗೆ ಪೂರೈಕೆದಾರನ ಬಳಿ ಇರುವುದು ತನ್ನದೇ ಖಾತಾ ಪುಸ್ತಕ. 60 ದಿನಕ್ಕೆ ಬರುತ್ತಿದ್ದ ಹಣ 75ಕ್ಕೆ, ಬಳಿಕ 90ಕ್ಕೆ ಸರಿದು, ಪೂರ್ತಿ ಬಿಲ್ಲಿನ ಬದಲು ‘ಲೆಕ್ಕಕ್ಕೆ ಜಮಾ’ ಎಂದು ದುಂಡು ಮೊತ್ತಗಳು ಬರತೊಡಗಿದರೆ, ಮುಂದಿನ ತಿಂಗಳ 25 ಸೆಟ್‌ಗಳಿಗೆ ರಾಳ ಖರೀದಿಸುವ ಮೊದಲು ಹಳೆಯ ಬಿಲ್ಲುಗಳ ಪಟ್ಟಿಗೆ ತಯಾರಕನಿಂದ ಬಾಕಿ ದೃಢೀಕರಣದ ಸಹಿ ಪಡೆದಿರಬೇಕು. ದಿವಾಳಿ ಪ್ರಕ್ರಿಯೆಯಲ್ಲಿ ಹಕ್ಕು ಸಲ್ಲಿಸುವಾಗ ಜೊತೆಗಿಡಬೇಕಾದ ಕಾಗದಗಳಲ್ಲಿ ಅತ್ಯಂತ ಹೆಚ್ಚು ಬೆಲೆ ಬಾಳುವುದು ಅದೇ.